ಎಚ್‌ಐವಿ ಕಳಂಕ: ಸರಿಯುತ್ತರ ಗೊತ್ತಿರುವ ಊರನ್ನು ಅಳೆಯುವುದು ಹೇಗೆ?

ತರಕಾರಿ ಮಾರುವವರಿಗೆ ಎಚ್‌ಐವಿ ಇದೆಯೆಂದು ಗೊತ್ತಾದರೆ ಅವರ ಅಂಗಡಿಯಿಂದ ತಾಜಾ ತರಕಾರಿ ಕೊಳ್ಳುತ್ತೀರಾ?

ಎಚ್‌ಐವಿ ಸೋಂಕಿತರಿಗೆ ಸಮಾಜ ಅಂಟಿಸುವ ಕಳಂಕವನ್ನು ಅಳೆಯಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಎರಡು ದಶಕಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ಇದು. ಉಗಾಂಡದ ಹಳ್ಳಿಗಳಲ್ಲಿ ಕೇಳಿದ್ದು ಇದನ್ನೇ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದ ಮನೆಗಳಲ್ಲಿ ಕೇಳಿದ್ದೂ ಇದನ್ನೇ. ಮಂಗಳೂರಿನಲ್ಲೋ ಉಡುಪಿಯಲ್ಲೋ ಕೇಳಿದರೆ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ಇಲ್ಲಿನ ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್‌ಗಳಿವೆ, ಡಿಸೆಂಬರ್ 1ರಂದು ಜಾಥಾ ಹೊರಡುತ್ತದೆ, ಮುಟ್ಟಿದರೆ ಹರಡದು, ಜೊತೆಗೆ ಉಂಡರೆ ಹರಡದು, ಸೊಳ್ಳೆ ಕಚ್ಚಿದರೆ ಹರಡದು ಎಂಬುದು ಹೈಸ್ಕೂಲಿನಿಂದಲೇ ಬಾಯಿಪಾಠ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಉಡುಪಿಯದು ಶೇ 86.24. ಸರಿಯುತ್ತರ ಯಾವುದೆಂದು ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ತೊಡಕು ಇರುವುದೇ ಅಲ್ಲಿ. ಸರಿಯುತ್ತರ ಗೊತ್ತಿಲ್ಲದವರ ಮನಸ್ಸನ್ನು ಒಂದು ಪ್ರಶ್ನೆಯಿಂದ ತಿಳಿಯಬಹುದು. ಗೊತ್ತಿರುವವರ ಮನಸ್ಸನ್ನು ತಿಳಿಯಲು ಆ ಪ್ರಶ್ನೆ ಸಾಲದು.

ಅಳತೆಯ ಗೊಡವೆ ಯಾಕೆ ಎಂದು ಕೇಳುವವರಿರಬಹುದು. ಉತ್ತರ ಸರಳ: ಲೆಕ್ಕಕ್ಕೆ ಸಿಗದ್ದಕ್ಕೆ ಸರ್ಕಾರಗಳು ಹಣ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಜೊನಾಥನ್ ಮ್ಯಾನ್ 1987ರಲ್ಲೇ ಮೂರು ಪಿಡುಗುಗಳ ಮಾತಾಡಿದ್ದರು. ಮೊದಲನೆಯದು ಸದ್ದಿಲ್ಲದೆ ಹರಡುವ ಸೋಂಕು, ಎರಡನೆಯದು ವರ್ಷಗಳ ನಂತರ ಕಾಣಿಸಿಕೊಳ್ಳುವ ಏಡ್ಸ್, ಮೂರನೆಯದು ಸಮಾಜದ ಪ್ರತಿಕ್ರಿಯೆ. ಮೊದಲೆರಡನ್ನು ಅಳೆಯಲು ರಕ್ತ ಪರೀಕ್ಷೆ ಇದೆ, ರೋಗನಿರೋಧಕ ಕಣಗಳ ಲೆಕ್ಕ ಕೊಡುವ ಸಿಡಿ4 ಎಣಿಕೆ ಇದೆ, ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ತಿಳಿಸುವ ವೈರಲ್ ಲೋಡ್ ಪರೀಕ್ಷೆ ಇದೆ. ಮೂರನೆಯದಕ್ಕೆ ಇರುವುದು ಪ್ರಶ್ನಾವಳಿ ಮಾತ್ರ. ಹಾಗಿದ್ದೂ 2021ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು 2025ರೊಳಗೆ ಕಳಂಕ ಮತ್ತು ತಾರತಮ್ಯ ಅನುಭವಿಸುವವರ ಪ್ರಮಾಣವನ್ನು ಶೇ 10ಕ್ಕಿಂತ ಕೆಳಗೆ ಇಳಿಸುತ್ತೇವೆಂದು ಒಪ್ಪಿಕೊಂಡವು. ಆ ಗಡುವಿನ ವರ್ಷದಲ್ಲೇ, ಫೆಬ್ರುವರಿಯಲ್ಲಿ, ಅಳೆಯುವ ಸಾಧನಕ್ಕೇ ಪೆಟ್ಟು ಬಿತ್ತು. 1984ರಿಂದ ತೊಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿಕೊಟ್ಟಿದ್ದ ಡಿಎಚ್‌ಎಸ್ (ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ) ಕಾರ್ಯಕ್ರಮಕ್ಕೆ ಅಮೆರಿಕ ಸರ್ಕಾರ ಹಣ ನಿಲ್ಲಿಸಿತು. ಆಮೇಲೆ ಬೇರೆ ದಾನಿಗಳು ಸ್ವಲ್ಪ ಆಸರೆ ಕೊಟ್ಟರೂ ಹಳೆಯ ಭದ್ರತೆ ಉಳಿದಿಲ್ಲ. ತರಕಾರಿಯ ಪ್ರಶ್ನೆ ಊರೂರು ಸುತ್ತಿದ್ದು ಈ ಕಾರ್ಯಕ್ರಮದ ಮೂಲಕವೇ.

ಭಾರತಕ್ಕೆ ಆ ಪೆಟ್ಟು ಅಷ್ಟಾಗಿ ತಟ್ಟದು. ನಮ್ಮ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1992–93ರಿಂದ ನಡೆಸುತ್ತಿದೆ. ಆದರೆ ಕರಾವಳಿಯವರು ತಿಳಿದಿರಬೇಕಾದ ಒಂದು ಸಂಗತಿ ಆ ಸಮೀಕ್ಷೆಯ ವಿನ್ಯಾಸದಲ್ಲೇ ಅಡಗಿದೆ. ಲಸಿಕೆ, ಹೆರಿಗೆ, ರಕ್ತಹೀನತೆಯಂಥ ವಿಷಯಗಳನ್ನು ಅದು ಜಿಲ್ಲಾ ಮಟ್ಟದಲ್ಲಿ ಅಳೆಯುತ್ತದೆ. ಎಚ್‌ಐವಿ ಕುರಿತ ತಿಳಿವಳಿಕೆ ಮತ್ತು ಮನೋಭಾವದ ಪ್ರಶ್ನೆಗಳು ಮಾತ್ರ ಆಯ್ದ ಶೇ 15ರಷ್ಟು ಮನೆಗಳಿಗೆ ಸೀಮಿತ. ಅಷ್ಟು ಸಣ್ಣ ಮಾದರಿಯಿಂದ ರಾಜ್ಯದ ಅಂದಾಜು ಸಿಗುತ್ತದೆ, ಜಿಲ್ಲೆಯದು ಸಿಗುವುದಿಲ್ಲ. ಹಾಗಾಗಿ ‘ದಕ್ಷಿಣ ಕನ್ನಡದಲ್ಲಿ ಕಳಂಕ ಎಷ್ಟಿದೆ’ ಎಂಬ ಪ್ರಶ್ನೆಗೆ ಈ ಸಮೀಕ್ಷೆಯಲ್ಲಿ ಉತ್ತರವೇ ಇಲ್ಲ. ಬೆಳಗಾವಿ, ಬಾಗಲಕೋಟೆ, ಮಂಗಳೂರು, ಉಡುಪಿಗಳನ್ನೆಲ್ಲ ಕೂಡಿಸಿ ಒಂದು ಸರಾಸರಿ ಬರುತ್ತದೆ. ಎಚ್‌ಐವಿ ಇತಿಹಾಸವೇ ಬೇರೆಬೇರೆಯಾದ ಈ ಪ್ರದೇಶಗಳ ಸರಾಸರಿಯಿಂದ ಯಾರಿಗೆ ಏನು ತಿಳಿಯಬೇಕು?

ಈಗ ಪ್ರಶ್ನೆಗಳನ್ನೇ ಬಿಡಿಸಿ ನೋಡೋಣ. 2005–06ರ ಮೂರನೇ ಸುತ್ತಿನಿಂದ ಬಳಕೆಯಲ್ಲಿರುವ ಮುಖ್ಯ ಪ್ರಶ್ನೆಗಳು ನಾಲ್ಕು. ತರಕಾರಿ ಕೊಳ್ಳುವುದು ಒಂದು. ಸಂಬಂಧಿಕರೊಬ್ಬರು ಏಡ್ಸ್‌ನಿಂದ ಕಾಯಿಲೆ ಬಿದ್ದರೆ ಮನೆಯಲ್ಲಿಟ್ಟು ಆರೈಕೆ ಮಾಡುತ್ತೀರಾ ಎಂಬುದು ಇನ್ನೊಂದು. ಎಚ್‌ಐವಿ ಇದ್ದೂ ಕಾಯಿಲೆ ಬೀಳದ ಶಿಕ್ಷಕಿ ಪಾಠ ಮುಂದುವರಿಸಬಹುದೇ ಎಂಬುದು ಮೂರನೆಯದು. ಮನೆಯವರಿಗೆ ಸೋಂಕು ಬಂದರೆ ಅದು ಗುಟ್ಟಾಗಿರಲಿ ಎಂದು ಬಯಸುತ್ತೀರಾ ಎಂಬುದು ನಾಲ್ಕನೆಯದು. ನಾಲ್ಕಕ್ಕೂ ‘ಒಪ್ಪುವ’ ಉತ್ತರ ಕೊಟ್ಟವರನ್ನು ಪೂರ್ಣ ಸ್ವೀಕಾರ ಮನೋಭಾವದವರು ಎಂದು ಎಣಿಸಲಾಗುತ್ತದೆ.

ಆರೈಕೆಯ ಪ್ರಶ್ನೆ ಹುಟ್ಟಿದ್ದು ಸೋಂಕಿತರು ಹಾಸಿಗೆ ಹಿಡಿದು ಸಾಯುತ್ತಿದ್ದ ಕಾಲದಲ್ಲಿ. ಭಾರತದಲ್ಲಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಶುರುವಾದದ್ದು 2004ರ ಏಪ್ರಿಲ್ 1ರಂದು. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಔಷಧ ಕೊಡಲಾಗುತ್ತಿದೆ. ಮಾತ್ರೆಯನ್ನು ತಪ್ಪದೆ ನುಂಗುವವರು ಮೀನು ಬೋಟಿನಲ್ಲಿ ಬಲೆ ಎಳೆಯುತ್ತಾರೆ, ಬಸ್ ಓಡಿಸುತ್ತಾರೆ, ಮಕ್ಕಳನ್ನು ಸಾಕುತ್ತಾರೆ. ಅವರಿಗೆ ಯಾರ ಆರೈಕೆಯೂ ಬೇಕಿಲ್ಲ. ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ ಎಂಬುದು ಈಗ ಸಂಶಯಕ್ಕೆ ಎಡೆಯಿಲ್ಲದ ವಿಜ್ಞಾನ. ಅಂಥವರು ಇಂದು ಎದುರಿಸುವ ಪ್ರಶ್ನೆಗಳೇ ಬೇರೆ: ಮದುವೆ ಆಗಬಹುದೇ, ಮಕ್ಕಳನ್ನು ಪಡೆಯಬಹುದೇ, ತಂಗಿಯ ಸಂಬಂಧ ಮುರಿದುಬೀಳುತ್ತದೆಯೇ. ಸಾಯುತ್ತಿರುವವರಿಗೆ ನೀರು ಕೊಡಲು ಸಿದ್ಧರಿರುವ ಎಷ್ಟೋ ಮಂದಿ ಬದುಕುತ್ತಿರುವವರಿಗೆ ಹೆಣ್ಣು ಕೊಡಲು ಸಿದ್ಧರಿರುವುದಿಲ್ಲ. ಆರೈಕೆಯ ಪ್ರಶ್ನೆಗೆ ಇವರಿಗೆಲ್ಲ ಪೂರ್ಣ ಅಂಕ.

ಗುಟ್ಟಿನ ಪ್ರಶ್ನೆಯಂತೂ ಇನ್ನೂ ವಿಚಿತ್ರ. ಮನೆಯವರ ಸೋಂಕಿನ ವಿಷಯ ಹೊರಗೆ ಹೋಗಬಾರದು ಎಂದು ಬಯಸಿದವರು ಕಳಂಕದ ಖಾತೆಗೆ ಬೀಳುತ್ತಾರೆ. ಆದರೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಹೇಳುವುದು, ಒಬ್ಬರ ಸೋಂಕಿನ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದು ಎಂದು. ಕಾಯ್ದೆಯನ್ನು ಗೌರವಿಸುವ ಅಣ್ಣನೂ ಮರ್ಯಾದೆಗೆ ಅಂಜುವ ಅಪ್ಪನೂ ಸಮೀಕ್ಷೆಯ ಹಾಳೆಯಲ್ಲಿ ಒಂದೇ ಕಾಲಂನಲ್ಲಿ ಕೂರುತ್ತಾರೆ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ತನ್ನ ಜಾಗತಿಕ ಸೂಚಕಕ್ಕೆ ಈ ಪ್ರಶ್ನೆಯನ್ನು ಸೇರಿಸಿಕೊಳ್ಳದೆ ತರಕಾರಿ ಮತ್ತು ಶಾಲೆಯ ಮಕ್ಕಳ ಕುರಿತ ಎರಡೇ ಪ್ರಶ್ನೆ ಇಟ್ಟುಕೊಂಡಿದೆ. ಎಚ್‌ಐವಿ ಇರುವ ಮಕ್ಕಳು ಇತರ ಮಕ್ಕಳ ಜೊತೆ ಶಾಲೆಗೆ ಬರಬಹುದೇ ಎಂಬುದು ಆ ಎರಡನೆಯದು. ಎರಡರಲ್ಲಿ ಒಂದಕ್ಕೆ ‘ಇಲ್ಲ’ ಎಂದರೂ ತಾರತಮ್ಯದ ಮನೋಭಾವ ಎಂದು ಲೆಕ್ಕ.

ಇನ್ನೊಂದು ಸಣ್ಣ ಸಂಗತಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಎಚ್‌ಐವಿಯ ಹೆಸರನ್ನೇ ಕೇಳಿರದವರಿಗೆ ಈ ಪ್ರಶ್ನೆಗಳನ್ನು ಕೇಳುವುದಿಲ್ಲ. 2005–06ರಲ್ಲಿ ದೇಶದ ಮಹಿಳೆಯರಲ್ಲಿ ಏಡ್ಸ್ ಬಗ್ಗೆ ಕೇಳಿದ್ದವರು ಶೇ 61, ಪುರುಷರಲ್ಲಿ ಶೇ 84. ಹೆಸರು ಕೇಳಿದವರ ಸಂಖ್ಯೆ ಏರಿದ ಹಾಗೆ ಉತ್ತರಿಸುವ ಗುಂಪೇ ಬದಲಾಗುತ್ತದೆ. ಅಂಥ ಎರಡು ಸುತ್ತುಗಳ ಶೇಕಡಾವಾರನ್ನು ಪಕ್ಕಪಕ್ಕ ಇಟ್ಟು ‘ಮನೋಭಾವ ಸುಧಾರಿಸಿದೆ’ ಎಂದೋ ‘ಹದಗೆಟ್ಟಿದೆ’ ಎಂದೋ ಹೇಳುವ ವರದಿಗಳನ್ನು ಸ್ವಲ್ಪ ಸಂಶಯದಿಂದ ಓದುವುದು ಒಳ್ಳೆಯದು.

ಬಾಯಿಪಾಠದ ಉತ್ತರವನ್ನು ದಾಟಿ ಒಳಗಿನದನ್ನು ಹೊರತೆಗೆಯಲು ಸಂಖ್ಯಾಶಾಸ್ತ್ರಜ್ಞರು ಕೆಲವು ಉಪಾಯ ಮಾಡಿಕೊಂಡಿದ್ದಾರೆ. 1965ರಲ್ಲಿ ವಾರ್ನರ್ ಎಂಬವರು ಹೊಳೆಯಿಸಿದ ದಾರಿಯಲ್ಲಿ ಬೆಳೆದ ಒಂದು ವಿಧಾನ ಹೀಗಿದೆ. ಉತ್ತರಿಸುವವರು ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಪ್ರಶ್ನೆ ಏನೇ ಇರಲಿ ‘ಹೌದು’ ಎನ್ನಬೇಕು, ಬಾಲ ಬಿದ್ದರೆ ನಿಜ ಹೇಳಬೇಕು. ‘ಎಚ್‌ಐವಿ ಇರುವವರ ಪಕ್ಕ ಕುಳಿತು ಊಟ ಮಾಡಲು ನನಗೆ ಮನಸ್ಸಾಗದು’ ಎಂಬ ಮಾತಿಗೆ ನೂರರಲ್ಲಿ 65 ಮಂದಿ ‘ಹೌದು’ ಎಂದರೆನ್ನಿ. ಅದರಲ್ಲಿ ಸುಮಾರು 50 ನಾಣ್ಯ ಹೇಳಿಸಿದ್ದು. ಉಳಿದ 50 ಮಂದಿಯಲ್ಲಿ 15 ಜನ ಮನಸ್ಸಿನಿಂದ ಹೇಳಿದ್ದು, ಅಂದರೆ ಶೇ 30. ಯಾರು ನಾಣ್ಯದ ಮಾತು ಕೇಳಿದರು, ಯಾರು ಮನಸ್ಸಿನ ಮಾತು ಹೇಳಿದರು ಎಂಬುದು ಕೇಳಿದವರಿಗೂ ತಿಳಿಯದು. ಇನ್ನೊಂದು ವಿಧಾನದಲ್ಲಿ ಒಂದು ಗುಂಪಿಗೆ ನಾಲ್ಕು ಹೇಳಿಕೆ ಓದಿ, ಅವುಗಳಲ್ಲಿ ಎಷ್ಟಕ್ಕೆ ಒಪ್ಪಿಗೆ ಎಂದು ಸಂಖ್ಯೆ ಮಾತ್ರ ಕೇಳುತ್ತಾರೆ. ಮತ್ತೊಂದು ಗುಂಪಿಗೆ ಅದೇ ನಾಲ್ಕರ ಜೊತೆ ಎಚ್‌ಐವಿಯ ಐದನೇ ಹೇಳಿಕೆ ಸೇರಿಸುತ್ತಾರೆ. ಮೊದಲ ಗುಂಪಿನ ಸರಾಸರಿ 1.8, ಎರಡನೆಯದರದು 2.1 ಬಂದರೆ, ಆ 0.3ರ ವ್ಯತ್ಯಾಸವೇ ಐದನೇ ಹೇಳಿಕೆಗೆ ಒಪ್ಪಿದವರ ಪ್ರಮಾಣ.

ಕಾಗದದ ಮೇಲೆ ಇವು ಬಹಳ ಸೊಗಸು. ಅಂಗಳದಲ್ಲಿ ನಿಂತು ನಾಣ್ಯ ಚಿಮ್ಮಿ ಎಂದರೆ ಮನೆಯ ಹಿರಿಯರು ಸಮೀಕ್ಷೆಯವರನ್ನು ಮೇಲೆಕೆಳಗೆ ನೋಡುತ್ತಾರೆ ಎಂಬುದು ಬೇರೆ ಮಾತು. ಅರ್ಧ ಉತ್ತರಗಳು ನಾಣ್ಯಕ್ಕೇ ಹೋಗುವುದರಿಂದ ಹೆಚ್ಚು ಜನರನ್ನು ಕೇಳಬೇಕಾಗುತ್ತದೆ, ಖರ್ಚೂ ಹೆಚ್ಚುತ್ತದೆ. ಆದರೂ ಸರಿಯುತ್ತರವನ್ನು ಬಾಯಿಪಾಠ ಮಾಡಿಕೊಂಡ ನಮ್ಮಂಥ ಜಿಲ್ಲೆಗಳಿಗೆ ಇಂಥದೊಂದು ದಾರಿ ಬೇಕು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಕೇಳುವ ಭಾಷೆಯೂ ಬದಲಾಗಬೇಕು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರಿಗೆ ಅಚ್ಚಾದ ಕನ್ನಡದ ಪ್ರಶ್ನೆ ಶಾಲೆಯನ್ನು ನೆನಪಿಸುತ್ತದೆ, ಶಾಲೆಯ ಉತ್ತರವನ್ನೇ ಹೊರಡಿಸುತ್ತದೆ.

ಪ್ರಶ್ನೆಯ ವಸ್ತುವೂ ಊರಿಗೆ ತಕ್ಕಂತಿರಬೇಕು. ತರಕಾರಿಯ ವಿಷಯದಲ್ಲಿ ಇಲ್ಲಿ ಯಾರಿಗೂ ಅಳುಕಿಲ್ಲ. ಮೀನು ಮಾರುವವರ ಬಗ್ಗೆ ಕೇಳಿ ನೋಡಿ: ಕತ್ತಿ, ನೆತ್ತರು, ಕೊಯ್ದುಕೊಂಡ ಬೆರಳು ಎಲ್ಲ ಕಣ್ಣಮುಂದೆ ಬರುತ್ತವೆ, ಉತ್ತರ ತಡವರಿಸುತ್ತದೆ. ಹೋಟೆಲಿನ ಅಡುಗೆಮನೆಯ ಬಗ್ಗೆ ಕೇಳಿ. ಉಡುಪಿ ಕಡೆಯವರು ದೇಶದ ಉದ್ದಗಲಕ್ಕೂ ಹೋಟೆಲು ನಡೆಸುತ್ತಾರೆ. ದೋಸೆ ಹಾಕುವವರಿಗೆ ಸೋಂಕಿದೆಯೆಂದು ತಿಳಿದರೆ ಅವರು ಕಾವಲಿಯ ಮುಂದೆಯೇ ಉಳಿಯುತ್ತಾರೋ ಗೋದಾಮಿಗೆ ಹೋಗುತ್ತಾರೋ? ಅಥವಾ ಮದುವೆಯ ಪಂಕ್ತಿಯಲ್ಲಿ ಅವರು ಬಡಿಸಬಹುದೇ ಎಂದು ಕೇಳಿ. ಪಕ್ಕದಲ್ಲಿ ಕುಳಿತು ಉಣ್ಣುವುದಕ್ಕೂ ಅವರ ಕೈಯಿಂದ ಬಡಿಸಿಕೊಳ್ಳುವುದಕ್ಕೂ ಇರುವ ಅಂತರ ಎಷ್ಟೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಮೂರು ಸಂದರ್ಭಗಳಲ್ಲೂ ಸೋಂಕು ಹರಡುವ ಅಪಾಯ ಇಲ್ಲವೆನ್ನುವಷ್ಟು ಅತ್ಯಲ್ಪ. ಆದ್ದರಿಂದ ಉತ್ತರ ಬದಲಾದರೆ ಅದಕ್ಕೆ ಕಾರಣ ತಿಳಿವಳಿಕೆಯ ಕೊರತೆಯೊಂದೇ ಆಗಿರಲಾರದು.

ಇಷ್ಟೆಲ್ಲ ಆದರೂ ಇದು ಸೋಂಕಿಲ್ಲದವರ ಮನಸ್ಸಿನ ಅಳತೆ. ಸೋಂಕಿತರ ಬದುಕಿನಲ್ಲಿ ಕಳಂಕ ಹಲವು ರೂಪಗಳಲ್ಲಿ ಇರುತ್ತದೆ. ನಿಜವಾಗಿ ಅನುಭವಿಸಿದ ಅವಮಾನ ಒಂದು, ಹಾಗಾಗಬಹುದು ಎಂಬ ನಿರೀಕ್ಷೆ ಮತ್ತೊಂದು, ‘ನಾನೇ ಕೆಟ್ಟವನು, ಕೆಟ್ಟವಳು’ ಎಂದು ಒಳಗಿಳಿದದ್ದು ಇನ್ನೊಂದು. 2001ರಲ್ಲಿ ಅಮೆರಿಕದಲ್ಲಿ ಬರ್ಗರ್ ಮತ್ತು ಸಂಗಡಿಗರು 40 ಪ್ರಶ್ನೆಗಳ ಮಾಪಕ ರಚಿಸಿದರು. 2007ರಲ್ಲಿ ಲೆಸೊಥೊ, ಮಲಾವಿ, ದಕ್ಷಿಣ ಆಫ್ರಿಕ, ಸ್ವಾಜಿಲ್ಯಾಂಡ್, ತಾಂಜಾನಿಯಗಳ ಸೋಂಕಿತರ ಅನುಭವದಿಂದ 33 ಪ್ರಶ್ನೆಗಳ ಇನ್ನೊಂದು ಮಾಪಕ ಬಂತು. ಬೈಗುಳ, ಆಸ್ಪತ್ರೆಯ ನಿರ್ಲಕ್ಷ್ಯ, ಒಂಟಿತನ, ಕೆಲಸದ ಜಾಗದ ಕಿರುಕುಳ ಇವೆಲ್ಲ ಅದರಲ್ಲಿ ಬೇರೆಬೇರೆಯಾಗಿ ದಾಖಲಾಗುತ್ತವೆ.

ನಮಗೆ ಹತ್ತಿರದ್ದು 2008ರಲ್ಲಿ ಪ್ರಕಟವಾದ, ಬೆಂಗಳೂರಿನ ಸಂಶೋಧಕರೂ ಸೇರಿ ದಕ್ಷಿಣ ಭಾರತದಲ್ಲಿ ನಡೆಸಿದ ಅಧ್ಯಯನ. ಅದು ಪಟ್ಟಿಗೆ ಸೇರಿಸಿದ ರೂಪ ಬಹಳ ಮುಖ್ಯವಾದದ್ದು: ಕೇಳಿದ ಕತೆಗಳು. ಯಾವುದೋ ಊರಿನಲ್ಲಿ ಯಾರನ್ನೋ ಮನೆಯಿಂದ ಹೊರಹಾಕಿದರಂತೆ, ಆಸ್ಪತ್ರೆಯಲ್ಲಿ ಯಾರನ್ನೋ ಮುಟ್ಟಲೇ ಇಲ್ಲವಂತೆ. ತಮಗೇ ಏನೂ ಆಗಿರದಿದ್ದರೂ ಇಂಥ ಕತೆ ಕೇಳಿದವರು ‘ಊರೇ ಹೀಗೆ’ ಎಂದು ಅಂದಾಜು ಮಾಡುತ್ತಾರೆ, ಆ ಅಂದಾಜಿನ ಮೇಲೆ ಬದುಕನ್ನು ಬಚ್ಚಿಡುತ್ತಾರೆ. ಬಚ್ಚಿಡುವುದಕ್ಕೂ ಖಿನ್ನತೆಗೂ ನಂಟಿದೆ ಎಂಬುದು ಆ ಅಧ್ಯಯನದಲ್ಲಿ ಕಂಡುಬಂತು. ಪೂರ್ತಿಯಾಗಿ ಬಚ್ಚಿಟ್ಟವರಿಗೆ ಅವಮಾನ ಮಾಡಲು ಯಾರಿಗೂ ಅವಕಾಶವೇ ಸಿಗುವುದಿಲ್ಲ. ‘ಕಳೆದ ವರ್ಷ ನಿಮಗೆ ತಾರತಮ್ಯ ಆಯಿತೇ?’ ಎಂದು ಕೇಳಿದರೆ ಅವರು ‘ಇಲ್ಲ’ ಎನ್ನುತ್ತಾರೆ, ಅದು ನಿಜವೂ ಹೌದು. ಹೀಗೆ ಭಯ ಹೆಚ್ಚಿದಷ್ಟೂ ವರದಿಯಾಗುವ ತಾರತಮ್ಯ ಕಡಿಮೆಯಾಗಿ ಕಾಣಬಹುದು. ಶೇ 10ರ ಗುರಿಯನ್ನು ಈ ದಾರಿಯಲ್ಲೂ ಮುಟ್ಟಬಹುದು ಎಂಬುದು ಆ ಗುರಿ ಇಟ್ಟವರ ನಿದ್ದೆ ಕೆಡಿಸಬೇಕಾದ ವಿಚಾರ.

ಇದು ಬರೀ ತರ್ಕವಲ್ಲ. 2003ರಿಂದ 2013ರವರೆಗೆ ಸಹಾರಾದ ದಕ್ಷಿಣಕ್ಕಿರುವ 31 ಆಫ್ರಿಕನ್ ದೇಶಗಳ ಸಮೀಕ್ಷೆಗಳನ್ನು ಒಟ್ಟುಮಾಡಿ ನೋಡಿದ ಚಾನ್ ಮತ್ತು ತ್ಸಾಯ್ ಎಂಬ ಸಂಶೋಧಕರಿಗೆ ಎರಡು ವಿರುದ್ಧ ದಿಕ್ಕುಗಳು ಕಂಡವು. ಚಿಕಿತ್ಸೆ ಹರಡಿದಂತೆ ಸೋಂಕಿತರಿಂದ ದೂರ ನಿಲ್ಲುವ ಬಯಕೆ ಜನಸಾಮಾನ್ಯರಲ್ಲಿ ಇಳಿಯುತ್ತ ಬಂದಿತ್ತು. ಆದರೆ ನಮಗೇ ಬಂದರೆ ಸಮಾಜ ಏನನ್ನುತ್ತದೋ ಎಂಬ ನಿರೀಕ್ಷೆಯ ಕಳಂಕ ಏರಿತ್ತು. ತರಕಾರಿಯ ಪ್ರಶ್ನೆಯನ್ನು ಮಾತ್ರ ನೋಡಿದವರಿಗೆ ಗೆಲುವು ಕಾಣುತ್ತದೆ. ಪರೀಕ್ಷೆಗೆ ಬರಲು ಹೆದರುವವರ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ.

ಕರಾವಳಿಯಲ್ಲಿ ಈ ನಿರೀಕ್ಷೆಗೆ ಗಟ್ಟಿಯಾದ ಕಾರಣಗಳಿವೆ, ಅದನ್ನು ಮನಸ್ಸಿನ ದೌರ್ಬಲ್ಯ ಎಂದು ತಳ್ಳಿಹಾಕಲಾಗದು. ಗಲ್ಫ್ ಕೆಲಸವನ್ನೇ ತೆಗೆದುಕೊಳ್ಳಿ. ಸೌದಿ, ಕುವೈತ್, ಎಮಿರೇಟ್ಸ್‌ಗೆ ಹೊರಡುವವರು ಇಲ್ಲಿಯೇ ಮೆಡಿಕಲ್ ಪಾಸಾಗಬೇಕು. ಎಚ್‌ಐವಿ ಕಂಡರೆ ‘ಅನ್‌ಫಿಟ್’, ವೀಸಾ ಇಲ್ಲ. ಅಲ್ಲಿ ಹೋದ ಮೇಲೆ ಪತ್ತೆಯಾದರೆ ವಾಪಸು ಕಳಿಸುತ್ತಾರೆ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿಸಬಾರದು ಎಂದು ನಮ್ಮ ಕಾಯ್ದೆ ಹೇಳುತ್ತದೆ, ಪರದೇಶದ ವೀಸಾ ನಿಯಮದ ಮುಂದೆ ಅದರ ಮಾತು ನಡೆಯುವುದಿಲ್ಲ. ಎಷ್ಟೋ ಮನೆಗಳ ಸಾಲ, ಮದುವೆ, ಮನೆಕಟ್ಟುವ ಕೆಲಸ ಎಲ್ಲ ಒಂದು ವೀಸಾದ ಮೇಲೆ ನಿಂತಿರುವ ಊರಿನಲ್ಲಿ, ಪರೀಕ್ಷೆಗೆ ಹೋಗಲು ಹಿಂಜರಿಯುವ ಯುವಕ ಅಜ್ಞಾನಿಯಲ್ಲ. ಅವನು ಲೆಕ್ಕ ಹಾಕುತ್ತಿದ್ದಾನೆ. ಇದು ನಿಯಮಗಳಲ್ಲೇ ಕುಳಿತಿರುವ ಕಳಂಕ. ನೆರೆಹೊರೆಯವರ ಮನೋಭಾವವನ್ನು ಎಷ್ಟು ಅಳೆದರೂ ಅದು ಸಿಗುವುದಿಲ್ಲ.

ಹೆಂಗಸರ ಪಾಡು ಬೇರೆ ಬಗೆಯದು. ಗರ್ಭಿಣಿಯರಿಗೆ ಎಚ್‌ಐವಿ ಪರೀಕ್ಷೆ ವಾಡಿಕೆಯಾಗಿರುವುದರಿಂದ ಮನೆಯಲ್ಲಿ ಸೋಂಕು ಮೊದಲು ಪತ್ತೆಯಾಗುವುದು ಅನೇಕ ಸಲ ಹೆಂಡತಿಯಲ್ಲಿ. ಮೊದಲು ಗೊತ್ತಾದವರೇ ಮೊದಲು ತಂದವರು ಎಂಬ ತೀರ್ಪು ಹಿಂದೆಯೇ ಬರುತ್ತದೆ, ಮುಂಬೈಯ ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದು ಬಂದ ಗಂಡನನ್ನು ಯಾರೂ ಕೇಳುವುದಿಲ್ಲ. ಲೈಂಗಿಕ ವೃತ್ತಿಯಲ್ಲಿರುವವರು, ಲಿಂಗತ್ವ ಅಲ್ಪಸಂಖ್ಯಾತರು, ಪುರುಷರೊಂದಿಗೆ ಸಂಬಂಧವಿರುವ ಪುರುಷರು ಇವರಿಗೆಲ್ಲ ಸೋಂಕಿನ ಕಳಂಕದ ಅಡಿಯಲ್ಲಿ ಇನ್ನೊಂದು ಹಳೆಯ ಕಳಂಕ ಇರುತ್ತದೆ. ಯಾವುದಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳಬಲ್ಲ ಮಾಪಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಸೋಂಕಿತರೇ ಸೋಂಕಿತರನ್ನು ಕೇಳುವ ವಿಧಾನ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಸೋಂಕಿತರ ಜಾಗತಿಕ ಸಂಘಟನೆಗಳು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಜೊತೆ ಸೇರಿ 2008ರಲ್ಲಿ ‘ಸ್ಟಿಗ್ಮಾ ಇಂಡೆಕ್ಸ್’ ಶುರುಮಾಡಿದವು, 2018ರಲ್ಲಿ ಅದನ್ನು ಪರಿಷ್ಕರಿಸಿದವು. ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದು ನಡೆದಿದೆ. ಸಂದರ್ಶನ ಮಾಡುವವರಿಗೂ ಎಚ್‌ಐವಿ ಇರುವುದರಿಂದ ಎದುರಿಗೆ ಕುಳಿತವರು ನಾಟಕ ಆಡಬೇಕಿಲ್ಲ. ಯಾರು ಹಿಂದಿನಿಂದ ಮಾತಾಡಿಕೊಂಡರು, ಯಾವ ಆಸ್ಪತ್ರೆಗೆ ಹೋಗದೆ ತಪ್ಪಿಸಿಕೊಂಡಿರಿ, ನಿಮ್ಮ ಬಗ್ಗೆ ನಿಮಗೇ ನಾಚಿಕೆ ಇದೆಯೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಗುತ್ತದೆ. ಮಿತಿಯೂ ಇದೆ. ಸಂಘಟನೆಗಳ ಪರಿಚಯದಿಂದ, ಚಿಕಿತ್ಸಾ ಕೇಂದ್ರಗಳ ಮೂಲಕ ಸಿಕ್ಕವರು ಆಗಲೇ ಅರ್ಧ ಬಾಗಿಲು ತೆರೆದವರು. ಒಬ್ಬರಿಗೂ ಹೇಳದೆ ಖಾಸಗಿ ವೈದ್ಯರಲ್ಲಿ ಔಷಧ ಪಡೆಯುವವರು, ಪರೀಕ್ಷೆಯನ್ನೇ ಮಾಡಿಸದವರು ಈ ಲೆಕ್ಕದಿಂದ ಹೊರಗೆ.

ಹಾಗಾದರೆ ನಮ್ಮಂಥ ಜಿಲ್ಲೆ ಎಲ್ಲಿಂದ ಶುರುಮಾಡಬೇಕು? ಆಸ್ಪತ್ರೆಗಳಿಂದ, ಎನ್ನುತ್ತೇನೆ. ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳು ಇಷ್ಟು ದಟ್ಟವಾಗಿರುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ. ಇಲ್ಲಿ ಕಲಿತ ನರ್ಸ್‌ಗಳು ದೇಶವಿದೇಶಗಳ ವಾರ್ಡುಗಳಿಗೆ ಹೋಗುತ್ತಾರೆ. ಮುಂಬೈ ಮತ್ತು ಬೆಂಗಳೂರಿನ ವೈದ್ಯರು, ನರ್ಸ್‌ಗಳು, ವಾರ್ಡ್ ಸಿಬ್ಬಂದಿಯನ್ನು ಕೇಳಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸೋಂಕಿತ ಮಹಿಳೆಯರು ಮಕ್ಕಳನ್ನು ಪಡೆಯದಂತೆ ತಡೆಯಬೇಕು ಎಂದವರ ಪ್ರಮಾಣ ಬೇರೆಬೇರೆ ಗುಂಪುಗಳಲ್ಲಿ ಶೇ 55ರಿಂದ 80ರವರೆಗೆ ಇತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಪರೀಕ್ಷೆ ಕಡ್ಡಾಯವಾಗಬೇಕು ಎಂದವರು ಶೇ 90ಕ್ಕೂ ಹೆಚ್ಚು. ಇವರಾರೂ ಎಚ್‌ಐವಿ ಹೇಗೆ ಹರಡುತ್ತದೆಂದು ಓದದವರಲ್ಲ. ವೈದ್ಯರಿಗೇ ಸಾಲದ ತಿಳಿವಳಿಕೆ ಜಾಥಾದಿಂದ ಜನಕ್ಕೆ ಸಾಕಾಗುತ್ತದೆ ಎಂದು ನಂಬುವುದು ಹೇಗೆ?

ಆಸ್ಪತ್ರೆಯ ಇನ್ನೊಂದು ಅನುಕೂಲವೆಂದರೆ ಅಲ್ಲಿ ಮನಸ್ಸನ್ನು ಬಿಟ್ಟು ಕೈಗಳನ್ನು ಅಳೆಯಬಹುದು. ಸಿಬ್ಬಂದಿಗಾಗಿ ಚೀನಾ, ಈಜಿಪ್ಟ್, ಕೆನ್ಯಾ ಸೇರಿದಂತೆ ಆರು ಕಡೆ ಪರೀಕ್ಷಿಸಿ ತಯಾರಿಸಿದ ಚಿಕ್ಕ ಪ್ರಶ್ನಾವಳಿ 2013ರಿಂದಲೇ ಲಭ್ಯವಿದೆ. ಜ್ವರ ನೋಡುವಾಗ ಅಳುಕುತ್ತೀರಾ, ಎಲ್ಲರಿಗೂ ಒಂದು ಜೊತೆ ಕೈಗವಸು ಹಾಕುವವರು ಇವರಿಗೆ ಮಾತ್ರ ಎರಡು ಜೊತೆ ಹಾಕುತ್ತೀರಾ ಎಂಬಂಥ ನೇರ ಪ್ರಶ್ನೆಗಳು. ಫೈಲಿನ ಮೇಲೆ, ಹಾಸಿಗೆಯ ಮೇಲೆ ಗುರುತು ಹಾಕಿದ್ದಾರೆಯೇ, ಒಪ್ಪಿಗೆಯ ಸಹಿ ಇದೆಯೇ, ಆಪರೇಷನ್ ದಿನದ ಕೊನೆಗೆ ಹೋಯಿತೇ, ‘ಕಿಟ್’ ಎಂದು ಬಿಲ್ಲಿನಲ್ಲಿ ಹೆಚ್ಚುವರಿ ಹಣ ಸೇರಿತೇ ಎಂಬುದನ್ನು ದಾಖಲೆಗಳಿಂದಲೇ ತೆಗೆಯಬಹುದು. ಇದಕ್ಕೆ ನಾಣ್ಯವೂ ಬೇಡ, ನೂರಾರು ಮನೆಗಳ ಭೇಟಿಯೂ ಬೇಡ.

ಕಾಯ್ದೆಯ ಪ್ರಕಾರ ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು, ಆಸ್ಪತ್ರೆಗಳಾದರೆ ಇಪ್ಪತ್ತು ಅಥವಾ ಹೆಚ್ಚು ಜನರಿರುವಂಥವು, ದೂರು ಅಧಿಕಾರಿಯನ್ನು ನೇಮಿಸಬೇಕು. ದೂರುಗಳನ್ನು ವಿಚಾರಿಸಲು ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್ 30 ದಿನಗಳೊಳಗೆ ಆದೇಶ ಕೊಡಬೇಕು, ವೈದ್ಯಕೀಯ ತುರ್ತಿದ್ದರೆ 24 ಗಂಟೆಗಳೊಳಗೆ. ಎಷ್ಟು ಆಸ್ಪತ್ರೆಗಳಲ್ಲಿ ಆ ಅಧಿಕಾರಿಯ ಹೆಸರು ಗೋಡೆಯ ಮೇಲಿದೆ ಎಂದು ಎಣಿಸುವುದು ಒಳ್ಳೆಯ ಅಳತೆ. ಎಷ್ಟು ದೂರು ಬಂದಿವೆ ಎಂದು ಎಣಿಸುವುದು ಅಷ್ಟು ಒಳ್ಳೆಯದಲ್ಲ. ನ್ಯಾಯಾಲಯದಲ್ಲಿ ಗುರುತು ಮರೆಮಾಚಲು ಕಾಯ್ದೆಯಲ್ಲಿ ಅವಕಾಶವಿದ್ದರೂ, ದೂರು ಬರೆಯುವ ಮೊದಲ ಹೆಜ್ಜೆಯಲ್ಲೇ ಯಾರಿಗಾದರೂ ಹೇಳಿಕೊಳ್ಳಬೇಕಾಗುತ್ತದೆ. ಸೊನ್ನೆ ದೂರು ಬಂದ ಕಡೆ ಸೊನ್ನೆ ತಾರತಮ್ಯ ಎಂದು ವರದಿ ಬರೆಯುವ ಅಧಿಕಾರಿಗಳಿಗೆ ಕೊರತೆಯಿಲ್ಲ.

ಇನ್ನು ಜನರ ಓಡಾಟ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ, ಉಡುಪಿ ಜಿಲ್ಲಾ ಆಸ್ಪತ್ರೆಯಲ್ಲೂ ಇದೆ. ಹತ್ತಿರದ ಕೇಂದ್ರ ಬಿಟ್ಟು ದೂರದ್ದಕ್ಕೆ ಹೋಗುವುದು ಎಚ್‌ಐವಿ ಚಿಕಿತ್ಸೆಯಲ್ಲಿ ಅನೇಕ ದೇಶಗಳಲ್ಲಿ ದಾಖಲಾದ ನಡವಳಿಕೆ. ಸಾಲಿನಲ್ಲಿ ನೆಂಟರೋ ನೆರೆಯವರೋ ಸಿಕ್ಕಿಬಿಟ್ಟರೆ ಎಂಬ ಭಯಕ್ಕೆ ಜನ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚನ್ನು ತೆರುತ್ತಾರೆ. ಹೆಸರು ತೆಗೆದುಹಾಕಿ, ತಾಲ್ಲೂಕು ಮಾತ್ರ ಇಟ್ಟುಕೊಂಡು, ಎಷ್ಟು ಮಂದಿ ಹತ್ತಿರದ ಕೇಂದ್ರವನ್ನು ದಾಟಿ ಹೋಗುತ್ತಾರೆಂದು ಲೆಕ್ಕ ಹಾಕಿದರೆ, ಭಯದ ಬೆಲೆ ರೂಪಾಯಿ ಮತ್ತು ಕಿಲೋಮೀಟರುಗಳಲ್ಲಿ ಸಿಗುತ್ತದೆ. ಕೆಲಸ ಅಲ್ಲಿದೆ, ತವರು ಅಲ್ಲಿದೆ ಎಂಬ ಬೇರೆ ಕಾರಣಗಳೂ ಇರುತ್ತವೆ. ಅದನ್ನು ಆಪ್ತ ಸಮಾಲೋಚಕರು ಒಂದು ಪ್ರಶ್ನೆಯಲ್ಲಿ ತಿಳಿಯಬಲ್ಲರು, ಅವರ ಮುಂದೆ ಜನ ಸಮೀಕ್ಷೆಯವರ ಮುಂದೆ ಆಡದ ಮಾತು ಆಡುತ್ತಾರೆ. ಮೊದಲ ಪರೀಕ್ಷೆಗೆ ಬಂದಾಗ ಸಿಡಿ4 ಎಷ್ಟಿತ್ತು ಎಂಬುದೂ ಕೇಂದ್ರದ ದಾಖಲೆಯಲ್ಲಿ ಇರುತ್ತದೆ. ತೀರಾ ಇಳಿದ ಮೇಲೆ ಬಂದವರು ಯಾಕೆ ತಡಮಾಡಿದರು ಎಂದು ವಿಚಾರಿಸುವಾಗ, ಕರಾವಳಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಇರಲಿ: ವೀಸಾ.

ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಹೆಸರು ಹೇಳದೆಯೇ ಮಾಹಿತಿ ಪಡೆಯಬಹುದು. ಜಿಲ್ಲಾ ಮಟ್ಟದಲ್ಲಿ ಈ ಕೆಲಸ ಮಾಡಲು ಹೊಸ ಸಂಸ್ಥೆ ಬೇಕಾಗಿಲ್ಲ. ದಾಖಲೆಗಳು ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದ ಕೈಗೆಟುಕುವಲ್ಲಿವೆ, ಪ್ರಶ್ನಾವಳಿ ಮಾಡಬಲ್ಲ ಸಮುದಾಯ ವೈದ್ಯಕೀಯ ವಿಭಾಗಗಳು ಇಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿವೆ. ಸಂದರ್ಶನಕ್ಕೆ ಮಾತ್ರ ಸೋಂಕಿತರನ್ನೇ ತರಬೇತುಗೊಳಿಸಿ, ಸಂಬಳ ಕೊಟ್ಟು ಕರೆದುಕೊಳ್ಳಬೇಕು. ಆ ಸಂಬಳದ ರಸೀದಿಯಲ್ಲಿ ಅವರ ಹೆಸರಿನ ಮುಂದೆ ಏನು ಬರೆಯಬೇಕು ಎಂಬುದನ್ನು ಲೆಕ್ಕಪತ್ರ ವಿಭಾಗದವರು ಮೊದಲೇ ತೀರ್ಮಾನಿಸಿಕೊಳ್ಳಲಿ.